ಬೊಂಡಾಸನ ಮೊಣಕಾಲು

ಯಾರ ನಾಯಿ, ಕೇಳಿದರು ಡಾಕ್ಟ್ರಮ್ಮ.
ಬಂದರಿನದು ಅಂದೆ. ಚೀಟಿಗೆ ಬಂದರು ಸಾಲದಂತೆ.
ಹಾಗೆ ನನ್ನ ಹೆಸರು ಬಿತ್ತು: ಠಾಕು ಹರಿಕಂತ್ರ,
ಬಲೆ ಹೊಲಿಯುವವ, ಬೈತಕೋಲ.

ಬಿಳಿ ಮೈ, ಕಂದು ಚುಕ್ಕೆ, ಅದಕ್ಕೇ ಬೊಂಡಾಸ.
ಹತ್ತು ಬೋಟಿನ ಮೀನ್ಕರುಳು ತಿಂದು ಬೆಳೆದದ್ದು.
ಬೋಟು ಧಕ್ಕೆಗೆ ತಾಗುವ ಮೊದಲೇ,
ಹಗ್ಗಕ್ಕಿಂತ ಮುಂಚೆ, ತಾನೇ ಹಾರುವ ಚಾಳಿ.
ಮೇ ಕೊನೆ. ಇಳಿತದ ಹೊತ್ತು.
ಧಕ್ಕೆ ಎತ್ತರ, ಬೋಟು ತಗ್ಗು.
ಹಾರಿತು.
ಕೂಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.
ಹಿಂದಿನ ಎಡಗಾಲಿನ ಬೆರಳ ತುದಿ ಮಾತ್ರ ತಾಗಿಸಿ
ಸುಡುವ ಮರಳಿನಲ್ಲಿ ಚಪ್ಪಲಿ ಕಳಕೊಂಡವರ ಹಾಗೆ ನಿಂತಿತು.

ಡಾಕ್ಟ್ರಮ್ಮ ಒಂದು ಕೈಲಿ ತೊಡೆಯೆಲುಬು ಹಿಡಿದು
ಇನ್ನೊಂದರಲ್ಲಿ ಕೆಳಗಿನೆಲುಬನ್ನು ಮುಂದಕ್ಕೆ ದೂಡಿದರು.
ನಮ್ಮ ಸೊಸೈಟಿ ಆಫೀಸಿನ ಸಡಿಲು ಡ್ರಾವರಿನಂತೆ
ಜಾರಿ ಬಂತು.
ಒಳಗಿನ ಕಟ್ಟು ಹರಿದಿದೆ, ಅಂದರು. ತೂಕ ಎಷ್ಟು?
ಆಸ್ಪತ್ರೆಯ ಕಾಟಾ ಕೆಟ್ಟಿತ್ತು.
ಮರಳಿ ಬಂದರಿಗೆ ತಂದು, ಐಸಿನ ಕ್ರೇಟಿನಲ್ಲಿ ಕೂರಿಸಿ
ಬಾಂಗಡೆ ತೂಗುವ ಕಾಟಾಕ್ಕೆ ಏರಿಸಿದೆವು.
ಕ್ರೇಟು ಕಳೆದು ಇಪ್ಪತ್ತನಾಲ್ಕು.
ಗುಮಾಸ್ತ ಅಭ್ಯಾಸಬಲದಿಂದ ದರ ಬರೆಯಹೊರಟ.

ಹದಿನೈದು ಕಿಲೋ ಒಳಗಿದ್ದರೆ, ಫೋನಿನಲ್ಲಿ ಡಾಕ್ಟ್ರಮ್ಮ,
ಕಟ್ಟಿಹಾಕಿ, ನೋವಿನ ಗುಳಿಗೆ ಕೊಟ್ಟು ಕಾಯಬಹುದಿತ್ತು.
ಇದನ್ನೂ ಕಾಯಬಹುದು. ಕೀಲು ಸವೆಯುತ್ತದೆ ಅಷ್ಟೆ,
ಕುಂಟು ಉಳಿಯುತ್ತದೆ.
ಎಲುಬನ್ನೇ ಕೊಯ್ದು, ತುಸು ತಿರುಗಿಸಿ, ಪ್ಲೇಟು ಕೂರಿಸುವುದುಂಟು,
ಭಾರದ ನಾಯಿಗೆ ಅದೇ ಲೇಸು.
ಎಂಬತ್ತು ಸಾವಿರ.
ನಾನು ಉಗುಳು ನುಂಗಿದ್ದು ಅವರಿಗೆ ಕೇಳಿಸಿರಬೇಕು.
ಇನ್ನೊಂದಿದೆ, ಅಂದರು.
ಮಡಗಾಂವದ ಸರ್ಜನ್ ಶನಿವಾರ ಬರುತ್ತಾರೆ,
ಕೀಲಿನ ಹೊರಗಿಂದ ದಾರ ಬಿಗಿಯುವುದು.
ಎಂಥ ದಾರ?
ನೈಲಾನ್, ಒಂದೆಳೆಯದು. ದೊಡ್ಡ ಮೀನಿನ ಗಾಳಕ್ಕೆ
ಹಾಕುತ್ತೀರಲ್ಲ, ಅದರ ಜಾತಿಯದೇ.

ಫೋನು ಕಿವಿಯಲ್ಲಿ. ತೊಡೆಯ ಮೇಲೆ ಅದೇ ದಾರದ ಉಂಡೆ.
ಈ ಬೆರಳು ಎಷ್ಟು ಸಾವಿರ ಕಣ್ಣು ಹೊಲಿದಿದೆಯೋ,
ಒಂದೂ ಯಾವ ಪ್ರಾಣಿಯನ್ನೂ ನಿಲ್ಲಿಸಲಿಕ್ಕಲ್ಲ.

ಹದಿನಾರು ಸಾವಿರ. ಐದು ಬೋಟಿನವರು ಎರಡೆರಡು ಹಾಕಿದರು.
ಉಳಿದದ್ದು ಗಣಬಾ ತಾಂಡೇಲ ಕೊಟ್ಟ,
ಮಳೆಗಾಲವಿಡೀ ಅವನ ಬಲೆ ಪುಕ್ಕಟೆ ಹೊಲಿಯುವ ಮಾತಿಗೆ.

ಗಂಟು ಯಾವುದು ಹಾಕುತ್ತೀರಿ, ಸರ್ಜನ್ನನನ್ನು ಕೇಳಿದೆ.
ಗಂಟಲ್ಲ, ಪುಟ್ಟ ಕೊಳವೆ, ಇಕ್ಕಳದಲ್ಲಿ ಅದುಮುವುದು.
ಎರಿಯ ಗಾಳಕ್ಕೆ ನಾವೂ ಹಾಗೇ ಅಂದೆ. ನಕ್ಕರು.
ಎಷ್ಟು ಕಾಲ ಬಾಳುತ್ತದೆ?
ಬಾಳುವುದಿಲ್ಲ. ಸಡಿಲಾಗುತ್ತದೆ, ಹರಿದರೂ ಹರಿಯಿತು.
ಅಷ್ಟರಲ್ಲಿ ಸುತ್ತಿನ ಮಾಂಸ ಗಟ್ಟಿಯಾಗಿ
ತಾನೇ ಹಿಡಿದುಕೊಳ್ಳುತ್ತದೆ.
ಇಂಥ ಬಲೆ ನಾನು ಕಂಡಿರಲಿಲ್ಲ.

ಎಂಟು ವಾರ ಓಟವಿಲ್ಲ, ಮೆಟ್ಟಿಲಿಲ್ಲ, ಹಾರುವ ಮಾತೇ ಇಲ್ಲ.
ಜೂನ್ ಒಂದರಿಂದ ಬೋಟುಗಳಿಗೂ ಕಡಲಿಲ್ಲ.
ಬಲೆ ಶೆಡ್ಡಿನ ಕಂಬಕ್ಕೆ ಬೊಂಡಾಸ,
ಅದರ ಎದುರು, ಗಣಬಾನ ಬಲೆಗೆ ಕಟ್ಟಿಸಿಕೊಂಡ ನಾನು.
ಕರುಳು ಬಂದ್. ಅನ್ನ, ಕುಂಬಳಕಾಯಿ.
ಬಟ್ಟಲು ಮೂಸಿ ನನ್ನತ್ತ ನೋಡುವ ನೋಟ
ಕರೆಂಟ್ ಬಿಲ್ ನೋಡಿದ ಮನೆ ಯಜಮಾನನದು.
ದಿನಕ್ಕೆ ಐದು ನಿಮಿಷ ಹಗ್ಗದಲ್ಲಿ, ಆಮೇಲೆ ಹತ್ತು.
ಜುಲೈ ಕೊನೆಗೆ ಕೋಡಿಬಾಗದಲ್ಲಿ, ಕಾಳಿಯ ಅಂಚಿನ ನೀರಲ್ಲಿ,
ಹೊಟ್ಟೆ ಮುಳುಗುವಷ್ಟು.
ನಾಲ್ಕೂ ಕಾಲು ಊರಿತು.
ನಾನು ಎಣಿಸಿದೆ. ಮತ್ತೆ ಎಣಿಸಿದೆ.

ಇನ್ನೊಂದು ಕಾಲೂ ಹೀಗಾದೀತು, ಅಂದಿದ್ದಾರೆ ಡಾಕ್ಟ್ರಮ್ಮ,
ಅರ್ಧಕ್ಕರ್ಧ ನಾಯಿಗಳಿಗೆ ಆಗುತ್ತದಂತೆ.
ಅದಕ್ಕೇ ಆಗಸ್ಟಿನಲ್ಲಿ ಬೋಟಿಗೂ ಧಕ್ಕೆಗೂ ನಡುವೆ
ಒಂದು ಹಲಗೆ ಹಾಸಿದೆ, ಜಾರದಂತೆ ಗೋಣಿ ಹೊಡೆದು.
ಇಪ್ಪತ್ತು ಕಿಲೋದ ಬೊಂಡಾಸ ಅದನ್ನು ಮೂಸಿ
ಅವಮಾನವಾದಂತೆ ಮುಖ ತಿರುಗಿಸಿತು.
ಮೊದಲು ನಾನೇ ದಾಟಿ ತೋರಿಸಿದೆ.
ಇದನ್ನು ಗಣಬಾನಿಗೆ ಹೇಳಬೇಡಿ,
ನನ್ನ ಮೊಣಕಾಲಿಗೂ ಹಿತವಾಯಿತು.